ಹೆಣ್ಣು ನೋಡಲು ಬಂದವರು ಗೋಡೆ ನೋಡಿದ್ದು

ಪಟದ ಅಂಗಡಿ ಇಟ್ಟವನ ಹತ್ತಿರ ಜನ ಪಟ ಕೊಳ್ಳೋಕೆ ಬರ್ತಾರೆ ಅಂತ ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ಗೋಡೆಯ ಬಿರುಕು ಮುಚ್ಚೋಕೆ ಬರ್ತಾರೆ, ಅತ್ತೆಯ ಬಾಯಿ ಮುಚ್ಚೋಕೆ ಬರ್ತಾರೆ, ಪಕ್ಕದ ಮನೆಯವರ ಹೊಟ್ಟೆ ಉರಿಸೋಕೆ ಬರ್ತಾರೆ. ಪಟ ಚೆನ್ನಾಗಿದೆ ಅಂತ ಕೊಂಡವರನ್ನ ನಾನು ಬೆರಳಲ್ಲಿ ಎಣಿಸಿ ಹೇಳಬಲ್ಲೆ, ಅದೂ ಒಂದೇ ಕೈಯಲ್ಲಿ. ಹೀಗಾಗಿ ನಮ್ಮ ಕಸುಬಿನವರು ನಗು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿರಲಿಲ್ಲ. ಅದೇ ಚಪ್ಪಲಿ ಬಿಟ್ಟು ಒಳಗೆ ಬರ್ತಿತ್ತು.

ಕೋಲಾರದ ದೊಡ್ಡಪೇಟೆಯಲ್ಲಿ ಮುಂದುಗಡೆ ಅಂಗಡಿ, ಹಿಂದುಗಡೆ ಮನೆ. ಅಂಗಡಿ ಇಟ್ಟಿದ್ದು ನಮ್ಮಪ್ಪ. ದೊಡ್ಡ ದೊಡ್ಡ ಚಿತ್ರಗಾರರು ಎಣ್ಣೆ ಬಣ್ಣದಲ್ಲಿ ಬರೆದದ್ದನ್ನ ಕಲ್ಲಚ್ಚಿನಲ್ಲಿ ಹೊಡೆದ ಹಾಳೆಗಳು ಬೊಂಬಾಯಿ ಕಡೆಯಿಂದ ಪಾರ್ಸಲ್ಲಿನಲ್ಲಿ ಬರ್ತಿದ್ದವು. ನಾವು ಹಿಂದೆ ರಟ್ಟು ಇಟ್ಟು, ಮುಂದೆ ಗಾಜು ಕೂರಿಸಿ, ಸುತ್ತ ಮರದ ಕಟ್ಟು ಹಾಕಿ ಮಾರೋದು. ಅರಮನೆ ಗೋಡೆ ಮೇಲಿರೋ ಚಿತ್ರವೇ ನಿಮ್ಮ ಪಡಸಾಲೆಯಲ್ಲೂ ಇರಲಿ ಅಂತ ನಮ್ಮಪ್ಪ ಗಿರಾಕಿಗಳಿಗೆ ಹೇಳ್ತಿದ್ದರು. ಅವರು ಹೋದ ಮೇಲೆ ಆ ಮಾತು ಹೇಳೋ ಕೆಲಸ ನನ್ನ ಪಾಲಿಗೆ ಬಂತು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಎರಡನೇ ಮಹಾಯುದ್ಧ ಶುರುವಾಗೋದಕ್ಕೆ ಸ್ವಲ್ಪ ಮುಂಚೆ.

ಅಂಗಡಿ ಬಿಟ್ಟರೆ ನಮ್ಮ ಮನೇಲಿ ಇದ್ದದ್ದು ಒಂದೇ ಚಿಂತೆ, ನನ್ನ ತಂಗಿಯ ಮದುವೆ. ಹುಡುಗಿ ಲಕ್ಷಣವಾಗೇ ಇದ್ದಳು. ಗಾಜು ಕೊಯ್ಯೋದರಲ್ಲಿ ನನಗಿಂತ ಕೈ ಚುರುಕು. ಆದರೆ ಮೊದಲು ಬಂದವರು ಹುಡುಗಿ ಎತ್ತರ ಅಂದರು. ಎರಡನೆಯವರು ಬಣ್ಣ ಕಡಿಮೆ ಅಂದರು. ಮೂರನೆಯವರಿಗೆ ಎತ್ತರವೂ ಒಪ್ಪಿಗೆಯಾಗಿತ್ತು, ಬಣ್ಣವೂ ಒಪ್ಪಿಗೆಯಾಗಿತ್ತು. ಹುಡುಗನ ತಂದೆ ಮೀಸೆ ಒರೆಸಿಕೊಳ್ತಾ, "ಅಡಿಗೆ ಬರುತ್ತೇನಮ್ಮಾ?" ಅಂತ ಕೇಳಿದರು. ಇವಳು ತಟ್ಟನೆ, "ಈಗ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ್ರಲ್ಲ, ಅದು ಯಾರು ಮಾಡಿದ್ದು ಅಂದ್ಕೊಂಡ್ರಿ?" ಅಂದುಬಿಟ್ಟಳು. ಅಲ್ಲಿಗೆ ಆ ಸಂಬಂಧವೂ ಮುಗೀತು. ನಮ್ಮಮ್ಮ ಒಲೆ ಮುಂದೆ ಕೂತು, "ಇವಳ ನಾಲಿಗೆಗೆ ಒಂದು ಕಟ್ಟು ಹಾಕೋ ಮಾರಾಯ, ಊರ ಪಟಕ್ಕೆಲ್ಲ ಹಾಕ್ತೀಯಲ್ಲ" ಅಂತ ಅತ್ತಳು. ಅಪ್ಪ ಇಲ್ಲದ ಮನೆ, ಇದೊಂದು ಆಗದಿದ್ದರೆ ಊರವರು ನನ್ನ ಮುಖಕ್ಕೆ ಉಗೀತಾರೆ ಅನ್ನೋ ಭಯ ನನಗೆ. ಮುಂದೆ ಹೇಳೋದೆಲ್ಲ ಆ ಎರಡು ಮೂರು ವರ್ಷದಲ್ಲಿ ನಡೆದದ್ದು.

ಅಳತೆಯ ಹಡಗು

ಮಾಲೂರಿನ ಕಡೆ ಇಟ್ಟಿಗೆ ಗೂಡು ಇಟ್ಟವರೊಬ್ಬರು ಒಂದು ದಿನ ಅಂಗಡಿಗೆ ಬಂದರು. ಕೈಯಲ್ಲಿ ಒಂದು ಹುರಿ, ಅದರಲ್ಲಿ ಎರಡು ಗಂಟು.

"ಈ ಗಂಟಿನಿಂದ ಆ ಗಂಟಿಗೆ ಉದ್ದ. ಅದರಲ್ಲಿ ಅರ್ಧ ಅಗಲ. ಇಷ್ಟಕ್ಕೆ ಒಂದು ಪಟ ಕೊಡಿ" ಅಂದರು.

"ಯಾವ ದೇವರು ಬೇಕು ಸ್ವಾಮಿ?"

"ದೇವರಾದರೂ ಸರಿ, ದೆವ್ವ ಆದರೂ ಸರಿ. ಅಳತೆ ಮುಖ್ಯ."

ಊರಿಗೆಲ್ಲ ಇಟ್ಟಿಗೆ ಕೊಡೋ ಆಸಾಮಿ. ಸ್ವಂತ ಮನೆ ಪಡಸಾಲೆ ಗೋಡೆ ಬಿರುಕು ಬಿಟ್ಟಿದೆ. ಗಿರಾಕಿಗಳು ಮನೆಗೆ ಬಂದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ, ಮರ್ಯಾದೆ ಪ್ರಶ್ನೆ. ನಾನು ಹುರಿ ಹಿಡಿದು ಇದ್ದ ಪಟವನ್ನೆಲ್ಲ ಅಳೆದೆ. ಲಕ್ಷ್ಮಿ ಗಿಡ್ಡ, ಸರಸ್ವತಿ ಗಿಡ್ಡ, ಪಟ್ಟಾಭಿಷೇಕ ಅಗಲ ಸಾಲದು. ಕೊನೆಗೆ ಅಟ್ಟದ ಮೇಲೆ ಧೂಳು ತಿಂತಾ ಇದ್ದ ಒಂದು ಸೀಮೆ ಪಟ, ಹೊರದೇಶದಿಂದ ಬಂದದ್ದು, ಹುರಿಗೆ ಸರಿಹೋಯ್ತು. ಕಪ್ಪು ಮೋಡ, ಮನೆ ಎತ್ತರದ ಅಲೆ, ನಡುವೆ ಹಡಗು. ಜನ ಕೈ ಎತ್ತಿ ಬಾಯಿ ಬಡಕೊಳ್ತಾ ಇದಾರೆ. ಮನೆಯಲ್ಲಿ ಇಡೋ ಪಟವೇ ಅಲ್ಲ ಅದು. ನನ್ನ ಮನಸ್ಸು ತಡೀಲಿಲ್ಲ.

"ಸ್ವಾಮಿ, ಇದರಲ್ಲಿ ಹಡಗು ಮುಳುಗ್ತಾ ಇದೆ" ಅಂದೆ.

"ಮುಳುಗಲಿ ಬಿಡಿ, ಅದೇನು ನಮ್ಮ ನೆಂಟರದಾ? ಅಳತೆ ಸರಿಯಾಗಿದೆಯಲ್ಲ" ಅಂದು ಪಟ ಗಾಡಿಗೆ ಏರಿಸಿಕೊಂಡು ಹೋದರು.

ಮಳೆಗಾಲ ಬಂತು. ಬಿರುಕು ಅಂದಮೇಲೆ ನೀರು ಇಳಿಯದೆ ಇರುತ್ತಾ? ಗೋಡೆಯಿಂದ ರಟ್ಟಿಗೆ, ರಟ್ಟಿನಿಂದ ಹಾಳೆಗೆ, ಹಾಳೆಯಿಂದ ಗಾಜಿನ ಒಳಗೆ ನೀರು ತುಂಬಿಕೊಂಡಿತು. ಆಸಾಮಿ ಪಟವನ್ನ ಗೋಣಿಚೀಲದಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಜಗಳಕ್ಕೇ ಬಂದಿದಾರೆ ಅಂತ ನಾನು ಎದ್ದು ನಿಂತೆ. ಅವರು ಪಟ ಕೆಳಗಿಟ್ಟು ಕೈ ಮುಗಿದರು.

"ಯಪ್ಪಾ, ನೀವು ಸತ್ಯವಂತರು. ಮುಳುಗುತ್ತೆ ಅಂದ್ರಿ, ಪೂರ್ತಿ ಮುಳುಗೋಯ್ತು. ಈಗ ಮುಳುಗದೆ ಇರೋದು ಯಾವುದಾದರೂ ಇದ್ದರೆ ಕೊಡಿ."

ಮುಳಬಾಗಿಲಿನಲ್ಲಿ ನೆಲೆಸಿದ ದೊರೆಸಾನಿ

ಇದು ಪೂರ್ತಿ ನನ್ನದೇ ತಪ್ಪು. ತಂಗಿಯ ಆ ಉಪ್ಪಿಟ್ಟಿನ ಸಂಬಂಧ ತಪ್ಪಿಹೋದ ಮಾರನೇ ದಿನ. ನನ್ನ ತಲೆ ನೆಟ್ಟಗಿರಲಿಲ್ಲ. ಒಂದೇ ಅಳತೆಯ ಎರಡು ಪಟ ಕಾಗದ ಸುತ್ತಿ ಇಟ್ಟಿದ್ದೆ. ಒಂದು ಮುಳಬಾಗಿಲಿನ ಒಬ್ಬ ಯಜಮಾನಿ ಹೇಳಿದ್ದ ಲಕ್ಷ್ಮಿ. ಇನ್ನೊಂದು ಕೋಲಾರದ ಡಾಕ್ಟರು ತಮ್ಮ ಕೋಣೆಗೆ ಅಂತ ತರಿಸಿದ್ದ ಸೀಮೆ ಪಟ. ಅದರಲ್ಲಿ ಕುರ್ಚಿ ಮೇಲೆ ಕೂತು ಉಣ್ಣೆ ಹೆಣೀತಾ ಇರೋ ಒಬ್ಬ ಬಿಳೀ ಮುದುಕಿ, ಯಾರೋ ದೊರೆಸಾನಿ, ಕಾಲ ಹತ್ತಿರ ಬೆಕ್ಕು. ಲಕ್ಷ್ಮೀನ ಡಾಕ್ಟರಿಗೆ ಕೊಟ್ಟೆ, ಮುದುಕೀನ ಬಸ್ಸಿನಲ್ಲಿ ಮುಳಬಾಗಿಲಿಗೆ ಕಳಿಸಿದೆ.

ನಾಲ್ಕು ದಿನ ಬಿಟ್ಟು ಗೊತ್ತಾಯ್ತು. ಎದ್ದುಬಿದ್ದು ಮುಳಬಾಗಿಲಿಗೆ ಓಡಿದೆ. ಮನೆ ಬಾಗಿಲಲ್ಲೇ ಊದಿನಕಡ್ಡಿ ವಾಸನೆ. ಒಳಗೆ ನೋಡಿದರೆ ದೊರೆಸಾನಿ ಹಣೆ ಮೇಲೆ, ಗಾಜಿಗೆ, ಕಾಸಿನಗಲ ಕುಂಕುಮ. ಕಟ್ಟಿನ ನಾಲ್ಕು ಮೂಲೆಗೂ ಅರಿಶಿನ. ಕನಕಾಂಬರದ ಹಾರ. ಬೆಕ್ಕಿಗೂ ಒಂದು ಬೊಟ್ಟು ಇಟ್ಟಿದ್ದಾರೆ.

"ಅಮ್ಮಾ, ತಪ್ಪಾಗಿದೆ. ಇದು ದೇವರಲ್ಲ" ಅಂದೆ.

"ಯಾಕಪ್ಪಾ ಅಲ್ಲ? ಎರಡು ಕೈಯಲ್ಲೂ ಆಯುಧ ಹಿಡಿದಿದಾಳೆ, ಕಾಣಿಸಲ್ವಾ?"

"ಅದು ಉಣ್ಣೆ ಹೆಣೆಯೋ ಕಡ್ಡಿ ಅಮ್ಮಾ. ಅದು ಬೆಕ್ಕು, ವಾಹನ ಅಲ್ಲ."

"ದೇವರಿಗೆ ಇಲಿ ವಾಹನ ಆಗಬಹುದು, ಬೆಕ್ಕು ಆಗಬಾರದಾ? ನೀನ್ಯಾವನಯ್ಯಾ ಹೇಳೋಕೆ? ಈಯಮ್ಮ ಬಂದ ದಿನವೇ ನನ್ನ ಮಗೂಗೆ ಎಂಟು ದಿನದ ಜ್ವರ ಬಿಡ್ತು. ಆರತಿ ಎತ್ತಿದೀನಿ, ನೈವೇದ್ಯ ಮಾಡಿದೀನಿ. ಮನೆಗೆ ಬಂದು ನೆಲೆ ನಿಂತ ತಾಯೀನ ಹೊರಗೆ ಕಳಿಸು ಅಂತೀಯಲ್ಲ, ನಿನಗೆ ಅಕ್ಕತಂಗೀರು ಇಲ್ವಾ?"

ಅಕ್ಕತಂಗೀರ ಮಾತು ಬಂದಮೇಲೆ ನಾನು ಪಟದ ಕಡೆ ತಿರುಗಿದೆ. "ನಮ್ಮ ತಂಗೀಗೂ ಒಂದು ಗಂಡು ತೋರಿಸು ತಾಯೀ" ಅಂತ ದೊರೆಸಾನಿಗೆ ನಾನೂ ಒಂದು ನಮಸ್ಕಾರ ಹಾಕಿ ಬರಿಗೈಯಲ್ಲಿ ಕೋಲಾರಕ್ಕೆ ವಾಪಸ್ ಬಂದೆ.

ಇನ್ನು ಡಾಕ್ಟರ ಹತ್ತಿರ ಉಗಿಸಿಕೊಳ್ಳಬೇಕಲ್ಲ ಅಂತ ಹೆದರಿಕೊಂಡೇ ಅವರ ಕೋಣೆಗೆ ಹೋದೆ. ಗೋಡೆ ಮೇಲೆ ಲಕ್ಷ್ಮಿ ಇದ್ದಳು. "ಸ್ವಾಮಿ, ಪಟ ಬದಲಾಗಿಹೋಗಿದೆ" ಅಂದೆ.

ಡಾಕ್ಟರು ಕನ್ನಡಕ ಏರಿಸಿದರು. "ಬದಲಾಗಿದೆ ಅಂತ ನನಗೂ ಗೊತ್ತು ಕಣಯ್ಯಾ. ಆದರೆ ಇದನ್ನ ಮುಟ್ಟಬೇಡ. ಹತ್ತು ವರ್ಷದಿಂದ ಚಪ್ಪಲಿ ಹೊರಗೆ ಬಿಡಿ, ಚಪ್ಪಲಿ ಹೊರಗೆ ಬಿಡಿ ಅಂತ ಬಾಯಿ ಬಡಕೊಂಡೆ, ಒಬ್ಬನೂ ಕೇಳಲಿಲ್ಲ. ಈಗ ಚಪ್ಪಲಿ ಬಿಟ್ಟು ಕಾಲು ತೊಳಕೊಂಡು ಬರ್ತಾ ಇದಾರೆ. ಒಬ್ಬನಂತೂ ನಿನ್ನೆ ತೆಂಗಿನಕಾಯಿ ಒಡೆದ."

ಗಿಳಿಯಮ್ಮನ ಕಾಲ್ಗುಣ

ನಮ್ಮ ಕಡೆ ಆಗ ಒಂದು ಪದ್ಧತಿ ಹುಟ್ಟಿಕೊಂಡಿತ್ತು. ಗಂಡಿನ ಕಡೆಯವರು ಹೆಣ್ಣು ನೋಡೋಕೆ ಬಂದರೆ ಚಾಪೆ ಮೇಲೆ ಕೂತು ಮೊದಲು ನೋಡ್ತಿದ್ದದ್ದು ಗೋಡೆ. ದೊಡ್ಡ ಪಟ, ಚಿನ್ನದ ಬಣ್ಣದ ಕಟ್ಟು, ಬೆಲ್ಜಿಯಂ ಗಾಜು ಇದ್ದರೆ ಮನೆತನ ಗಟ್ಟಿ ಅಂತ ಲೆಕ್ಕ. ಬರೀ ಗೋಡೆ ಇದ್ದರೆ ಕಾಫಿ ಕುಡಿದು, "ಊರಿಗೆ ಹೋಗಿ ಕಾಗದ ಬರೀತೀವಿ" ಅಂತಿದ್ದರು. ಆ ಕಾಗದ ಯಾವತ್ತೂ ಬಂದದ್ದಿಲ್ಲ.

ನಮ್ಮ ಪೇಟೆಯಲ್ಲೇ ಒಬ್ಬರು ಮೇಷ್ಟರಿದ್ದರು. ಮೂರು ಹೆಣ್ಣುಮಕ್ಕಳು, ಖಾಲಿ ಗೋಡೆ. ಒಂದು ಬೆಳಿಗ್ಗೆ ಅಂಗಡಿಗೆ ಬಂದು ತಲೆ ಕೆರೆದುಕೊಂಡರು.

"ಕೊಂಡುಕೊಳ್ಳೋ ಶಕ್ತಿ ಇಲ್ಲಪ್ಪಾ. ಒಂದು ದಿನದ ಮಟ್ಟಿಗೆ ಕೊಡ್ತೀಯಾ? ಬಾಡಿಗೆಗೆ ಪಾತ್ರೆ ಕೊಡ್ತಾರೆ, ಜಮಖಾನ ಕೊಡ್ತಾರೆ. ಪಟ ಯಾಕೆ ಕೊಡಬಾರದು?"

ಮೇಷ್ಟರು, ನನಗೇ ಅ ಆ ಇ ಈ ತಿದ್ದಿಸಿದವರು. ಅಂಗಡಿಯಲ್ಲಿದ್ದದ್ದರಲ್ಲೇ ದೊಡ್ಡದನ್ನ ಕೊಟ್ಟೆ. ತೋಟದಲ್ಲಿ ನಿಂತು ಕೈ ಮೇಲೆ ಗಿಳಿ ಕೂರಿಸಿಕೊಂಡ ಹೆಂಗಸು, ಹಸಿರು ಜರಿ ಸೀರೆ, ಸುತ್ತ ದ್ರಾಕ್ಷಿ ಗೊಂಚಲು ಕೆತ್ತಿದ ಕಟ್ಟು. ಬೆಲೆ ಕೇಳಿಯೇ ಜನ ದೂರ ಸರೀತಿದ್ದರಿಂದ ಅದು ಮಾರಾಟವೇ ಆಗಿರಲಿಲ್ಲ. ನಮ್ಮಮ್ಮ ಅದಕ್ಕೆ ಗಿಳಿಯಮ್ಮ ಅಂತ ಹೆಸರಿಟ್ಟಿದ್ದಳು. "ಯಾರಾದರೂ ಕೇಳಿದರೆ ತಾತನ ಕಾಲದ್ದು ಅನ್ನಿ" ಅಂತ ಮೇಷ್ಟರಿಗೆ ಹೇಳಿಕೊಟ್ಟವನೂ ನಾನೇ.

ಸಂಬಂಧ ಅಲ್ಲೇ ಕೂತ ಹಾಗೇ ಕುದುರಿತು. ಆದರೆ ತಾಂಬೂಲ ತಗೊಳ್ಳೋ ಹೊತ್ತಿಗೆ ಹುಡುಗನ ತಂದೆ, "ಮೇಷ್ಟರೇ, ನಮಗೆ ವರದಕ್ಷಿಣೆ ಏನೂ ಬೇಡ. ಆ ಪಟ ಒಂದು ಹುಡುಗಿ ಜೊತೆ ಕಳಿಸಿಕೊಡಿ" ಅಂದರಂತೆ.

ಮೇಷ್ಟರಿಗೆ ಮೈಯೆಲ್ಲ ಬೆವರು. ಆದರೂ ನಲವತ್ತು ವರ್ಷ ಪಾಠ ಹೇಳಿದ ಬಾಯಿ ನೋಡಿ, ತಡವರಿಸಲಿಲ್ಲ. "ತಾವು ಪ್ರಾಣ ಕೇಳಿ, ಕೊಟ್ಟೇನು. ಈ ಪಟ ಮಾತ್ರ ನಮ್ಮ ತಾತ ಸಾಯೋವಾಗ, ಇದು ಈ ಹೊಸಲು ದಾಟಕೂಡದು ಅಂತ ಆಣೆ ಹಾಕಿಸಿಕೊಂಡಿದಾರೆ" ಅಂದರು. ಹುಡುಗನ ತಂದೆ ಕಣ್ಣಲ್ಲಿ ನೀರು ತಂದುಕೊಂಡು, "ಮನೆತನ ಅಂದರೆ ಇದು" ಅಂದರಂತೆ. ಅವರು ಬೀದಿ ತಿರುಗೋದೇ ತಡ, ಮೇಷ್ಟರು ಪಟ ತಲೆ ಮೇಲೆ ಹೊತ್ತುಕೊಂಡು ಹೊಸಲು ದಾಟಿ ನಮ್ಮ ಅಂಗಡಿಗೆ ಓಡಿಬಂದರು.

ಅಲ್ಲಿಂದ ಗಿಳಿಯಮ್ಮನಿಗೆ ಬಿಡುವಿಲ್ಲ. ಅವಳು ಹೋದ ಮನೇಲಿ ಮದುವೆ ಖಂಡಿತ ಅಂತ ಸುದ್ದಿಯಾಯ್ತು. ಇವತ್ತು ನರಸಾಪುರ, ನಾಳೆ ಮಾಲೂರು, ನಾಡಿದ್ದು ಬೇರೆಲ್ಲೋ. ಅಂಗಡಿಯ ಮಿಕ್ಕ ಪಟಗಳೂ ಅವಳ ಹಿಂದೆ ಹೊರಟವು. ನನ್ನ ತಂಗಿ ಗಾಜು ಒರೆಸಿ ಒರೆಸಿ ಕಳಿಸೋಳು. ಒಂದು ದಿನ ಬಟ್ಟೆ ಕೆಳಗೆ ಹಾಕಿ, "ಅಣ್ಣಾ, ಇವಳು ಊರ ಹುಡುಗಿಯರಿಗೆಲ್ಲ ಗಂಡು ಹುಡುಕಿಕೊಟ್ಟಳು. ಒರೆಸೋಳ ಮೇಲೆ ಮಾತ್ರ ಇವಳಿಗೆ ಯಾಕೋ ಸಿಟ್ಟು ಕಣೋ" ಅಂದಳು. ನಗಾಡ್ತಾನೇ ಅಂದಳು. ಆವತ್ತು ಉಳಿದ ಗಾಜನ್ನೆಲ್ಲ ನಾನೇ ಒರೆಸಿದೆ.

ಸಣ್ಣ ರೈಲಿನಲ್ಲಿ ಬಂದವಳು

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರು ಮಗಳನ್ನ ತೋರಿಸಬೇಕಾಗಿತ್ತು. "ಗಿಳಿಯಮ್ಮನನ್ನ ನೀನೇ ಖುದ್ದು ತಂದು ಗೋಡೆಗೆ ಹಾಕಿ ಹೋಗು" ಅಂತ ಹೇಳಿ ಕಳಿಸಿದ್ದರು. ಪಟವನ್ನ ದುಪ್ಪಟಿಯಲ್ಲಿ ಸುತ್ತಿಕೊಂಡು ಬೆಳಿಗ್ಗೆ ಸಣ್ಣ ರೈಲು ಹತ್ತಿದೆ. ಆ ರೈಲು ಎಷ್ಟು ಸಣ್ಣದು ಅಂದರೆ, ಎದುರುಬದುರು ಕೂತರೆ ಮೊಣಕಾಲು ಮೊಣಕಾಲು ತಾಗಬೇಕು. ನನ್ನೆದುರು ಒಬ್ಬ ಅಜ್ಜಿ, ಪಕ್ಕದಲ್ಲಿ ತಲೆ ಎತ್ತದ ಒಬ್ಬ ಯುವಕ, ಒಂದು ಬುಟ್ಟಿ ಹೂವು ಹಣ್ಣು. ಪಟಕ್ಕೆ ಜಾಗ ಸಾಲದೆ ಅದರ ಒಂದು ಮೂಲೆ ಅಜ್ಜಿ ತೊಡೆ ಮೇಲೇ ಕೂತಿತು.

"ಏಮಿ ಬಾಬು ಇದು, ಇಷ್ಟು ಭಾರ?" ಅಂತ ಅಜ್ಜಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೇಳಿದರು.

ವ್ಯಾಪಾರದ ಬಾಯಿ ಸುಮ್ಮನಿರುತ್ತಾ? ದುಪ್ಪಟಿ ಸರಿಸಿ ತೋರಿಸಿದೆ. ಕಟ್ಟು ನೋಡಿ, ಗಾಜು ನೋಡಿ ಅಂತ ಶುರುಮಾಡಿದವನು, ಈ ಪಟ ಎಷ್ಟು ಮನೆ ಗೋಡೆ ಹತ್ತಿದೆ, ಎಷ್ಟು ಸಂಬಂಧ ಕೂಡಿಸಿದೆ, ಗಂಡಿನ ಕಡೆಯವರು ಹೇಗೆ ಬಾಯಿ ಬಿಟ್ಟುಕೊಂಡು ನೋಡ್ತಾರೆ, ಎಲ್ಲಾ ಹೇಳಿದೆ. ಅಜ್ಜಿ, "ಔನಾ? ಔನಾ?" ಅಂತ ತಲೆ ಆಡಿಸ್ತಾ ಕೇಳಿದರು. ಹುಡುಗ ಕಿಟಕಿ ಕಡೆ ಮುಖ ತಿರುಗಿಸಿಕೊಂಡ.

ನೀವು ಕೇಳಬಹುದು, ಅವರು ಎಲ್ಲಿಗೆ ಹೊರಟಿದಾರೆ ಅಂತ ಒಂದು ಮಾತು ಕೇಳಬಾರದಾಗಿತ್ತಾ? ನಮ್ಮಲ್ಲಿ ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದಲ್ಲ, ಹೋದ ಕೆಲಸ ಕೆಡುತ್ತೆ ಅಂತಾರೆ. ಅವರ ಕೆಲಸ ಕೆಡಬಾರದು ಅಂತ ನಾನು ಕೇಳಲಿಲ್ಲ. ನನ್ನ ಕೆಲಸ ಕೆಟ್ಟಿತು.

ಶ್ರೀನಿವಾಸಪುರದಲ್ಲಿ ಇಳಿದಾಗ ರಾಹುಕಾಲ. ಅದು ಕಳೆಯಲಿ ಅಂತ ಅವರು ಸ್ಟೇಷನ್ನಿನಲ್ಲೇ ಕೂತರು. ನಾನು ಓಡಿಹೋಗಿ ಸಾಹುಕಾರರ ಪಡಸಾಲೆಯಲ್ಲಿ ಮೊಳೆ ಹೊಡೆದು ಪಟ ಹಾಕಿದೆ. ಅಷ್ಟರಲ್ಲಿ ಬಾಗಿಲಲ್ಲಿ "ಬಂದ್ರು, ಬಂದ್ರು" ಅಂತ ಗದ್ದಲ. ತಿರುಗಿ ನೋಡ್ತೀನಿ, ಅದೇ ಅಜ್ಜಿ, ಅದೇ ಹುಡುಗ, ಅದೇ ಬುಟ್ಟಿ! ನಾನು ಕಂಬದ ಹಿಂದೆ ಸರಿದೆ.

ಅಜ್ಜಿ ಚಾಪೆ ಮೇಲೆ ಕೂತು ಗೋಡೆ ಕಡೆ ನೋಡಿದರು. ಸಾಹುಕಾರರು ಕಾದಿದ್ದವರ ಹಾಗೆ, "ನೋಡಿ ಅಜ್ಜಿ, ನಮ್ಮ ತಾತನ ಕಾಲದಿಂದ ಇದೇ ಗೋಡೆ ಮೇಲಿದೆ. ಒಂದು ಸಲವೂ ಕೆಳಗಿಳಿಸಿಲ್ಲ" ಅಂದರು.

"ಬಾಗುಂದಿ, ಚೆನ್ನಾಗಿದೆ" ಅಂದರು ಅಜ್ಜಿ, ಎಲೆಗೆ ಸುಣ್ಣ ಹಚ್ಚುತ್ತಾ. "ಆದರೂ ಬೆಳಿಗ್ಗೆ ಒಂದು ಗಳಿಗೆ ಇಳಿದಿರಬೇಕು ಸಾಹುಕಾರರೇ. ಕೋಲಾರದಿಂದ ನನ್ನ ತೊಡೆ ಮೇಲೇ ಕೂತು ಬಂದಳು."

ನಮ್ಮ ಮನೆ ಗೋಡೆ

ಸಂಬಂಧ ಮುರಿದುಬಿದ್ದ ಮೇಲೆ ಆ ಸಾಹುಕಾರರು ನನಗೆ ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಅದಾಗಿ ಆರು ತಿಂಗಳಿಗೆ ನನ್ನ ತಂಗಿಗೆ ಒಂದು ಸಂಬಂಧ ಬಂತು. ದೇವರಾಯಸಮುದ್ರದ ಕಡೆಯವರು, ರಾಗಿ, ಹಿಪ್ಪುನೇರಳೆ ಬೆಳೆಯೋ ಮನೆತನ. ಹುಡುಗ ಇಸ್ಕೂಲ್ ಮೇಷ್ಟರು, ತಂದೆ ತಾಯಿ ಇಲ್ಲ, ಸಾಕಿದ್ದು ಅಜ್ಜಿ. ಅಷ್ಟು ಕೇಳಿದಾಗಲೂ ನನ್ನ ದಡ್ಡ ತಲೆಗೆ ಏನೂ ಹೊಳೀಲಿಲ್ಲ. ಊರಿಗೊಬ್ಬರು ಅಜ್ಜಿ ಇರ್ತಾರೆ ಅಂದುಕೊಂಡೆ.

"ಇದೇ ಕೊನೇದು ಕಣೋ. ಇದೂ ತಪ್ಪಿದರೆ ಇನ್ನು ಈ ಮನೆ ಬಾಗಿಲಿಗೆ ಯಾರೂ ಬರಲ್ಲ" ಅಂದಳು ಅಮ್ಮ. ತಂಗಿಯ ಕೈ ಹಿಡಿದು, "ಬಾಯಿ ಮುಚ್ಚಿಕೊಂಡಿರ್ತೀನಿ ಅಂತ ನನ್ನ ಮೇಲೆ ಆಣೆ ಇಡು" ಅಂತ ಆಣೆ ಇಡಿಸಿಕೊಂಡಳು. ನನಗೆ ಅಪ್ಪಣೆಯಾಯ್ತು, "ಪಟದಂಗಡಿಯವನ ಮನೆ ಗೋಡೆ ಬೋಳು ಅನ್ನಿಸಬಾರದು. ಒಂದೂ ಬಿಡದೆ ಹಾಕು."

ಅಂಗಡಿಯಲ್ಲಿ ಬೆಲೆಬಾಳೋದು ಹದಿನಾಲ್ಕಿದ್ದವು. ಎಲ್ಲಾ ತಂದು ಪಡಸಾಲೆಯಲ್ಲಿ ಹಾಕಿದೆ, ನಡುವೆ ಗಿಳಿಯಮ್ಮ. ಗೋಡೆ ಒಂದಂಗುಲ ಕಾಣದ ಹಾಗೆ ತುಂಬಿಹೋಯ್ತು. ಒಂದೇ ತೊಂದರೆ. ಆವತ್ತು ಒಳ್ಳೇ ದಿನ. ಒಳ್ಳೇ ದಿನ ನಮಗೊಬ್ಬರಿಗೇ ಬರುತ್ತಾ? ಊರಲ್ಲೆಲ್ಲ ಹೆಣ್ಣು ನೋಡೋ ಶಾಸ್ತ್ರ. ಮೂರು ಮನೆಯವರಿಗೆ ಸಾಯಂಕಾಲಕ್ಕೆ ಪಟ ಕೊಡ್ತೀನಿ ಅಂತ ತಿಂಗಳ ಹಿಂದೆಯೇ ಮಾತು ಕೊಟ್ಟಿದ್ದೆ. ನಮ್ಮದು ಬೆಳಿಗ್ಗೆ ಹತ್ತಕ್ಕೆ, ಮುಗಿದ ಮೇಲೆ ಅವರಿಗೆ ಕೊಟ್ಟರಾಯ್ತು ಅಂತ ಧೈರ್ಯ.

ಹತ್ತಾಯ್ತು, ಹನ್ನೊಂದಾಯ್ತು, ಹನ್ನೆರಡಾಯ್ತು. ಯುದ್ಧ ಬಂದು ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡ್ತಿದ್ದ ಕಾಲ. ಮುಳಬಾಗಿಲ ಬಸ್ಸು ದಾರೀಲಿ ಉಸಿರು ಬಿಟ್ಟು ನಿಂತಿತ್ತಂತೆ. ಒಂದೂವರೆಗೆ ಬಾಗಿಲಲ್ಲಿ ಜಟಕಾ ನಿಂತಿತು. ಮೊದಲು ಇಳಿದದ್ದು ಒಂದು ಬುಟ್ಟಿ. ಆಮೇಲೆ ತಲೆ ಎತ್ತದ ಆ ಹುಡುಗ. ಆಮೇಲೆ ಆ ಅಜ್ಜಿ!

ಅಜ್ಜಿ ನನ್ನ ಮುಖ ನೋಡಿದರು. ಒಳಗೆ ಬಂದು ಚಾಪೆ ಮೇಲೆ ಕೂತು ಗೋಡೆ ನೋಡಿದರು. ಗಿಳಿಯಮ್ಮನ ಹತ್ತಿರ ಕಣ್ಣು ನಿಂತಿತು.

"ಓಹೋ, ಈಯಮ್ಮನೂ ಬಂದಿದಾಳೆ" ಅಂದರು. "ಇವೆಲ್ಲ ಯಾರದು ಬಾಬು?"

"ನಮ್ಮದೇ ಅಜ್ಜಿ. ದೇವರಾಣೆ ನಮ್ಮದೇ."

"ಎಲ್ಲರೂ ಹಾಗೇ ಹೇಳ್ತಾರಪ್ಪಾ. ತಾತನ ಕಾಲದ್ದು ಅನ್ನಲಿಲ್ಲವಲ್ಲ, ಅಷ್ಟು ಪುಣ್ಯ."

ಮೂರು ತಾಲ್ಲೂಕಿನಲ್ಲಿ ನಿಜವಾಗಿ ಸ್ವಂತ ಪಟ ಗೋಡೆ ಮೇಲಿದ್ದ ಮನೆ ಅಂದರೆ ಆವತ್ತು ನಮ್ಮದೊಂದೇ. ನಂಬೋರು ಬೇಕಲ್ಲ! ನಾನು ವಿವರಿಸೋಕೆ ಬಾಯಿ ತೆರೆಯೋ ಹೊತ್ತಿಗೆ ಮಾಲೂರಿನ ಇಟ್ಟಿಗೆಯವರು ಬೆವರು ಒರೆಸಿಕೊಳ್ತಾ ಒಳಗೆ ನುಗ್ಗಿದರು.

"ನಿಮ್ಮದು ಮುಗೀತಾ? ಗೋಧೂಳಿ ಹೊತ್ತಿಗೆ ನಮ್ಮನೇಗೆ ಗಂಡಿನ ಕಡೆಯವರು ಬರ್ತಾರೆ. ಬಸ್ಸು ತಪ್ಪಿದರೆ ನನ್ನ ಮಗಳ ಗತಿ ಏನು?" ಅಂದು, ಕೂತವರ ತಲೆ ಮೇಲಿಂದಲೇ ಕೈ ಚಾಚಿ ಗಿಳಿಯಮ್ಮನನ್ನ ಇಳಿಸಿಕೊಂಡು ಹೊರಟೇಬಿಟ್ಟರು.

ಅಜ್ಜಿ ಪಟ ಬಾಗಿಲು ದಾಟೋವರೆಗೂ ನೋಡಿದರು. "ಹೋಗಿ ಬಾಮ್ಮಾ" ಅಂದರು.

ಅಮ್ಮ ಒಳಗಿಂದ ಕಣ್ಣಲ್ಲೇ ನನ್ನನ್ನ ಸುಡ್ತಾ ಇದ್ದಳು. ಉಪ್ಪಿಟ್ಟಿನ ತಟ್ಟೆ ತಂದಿಡೋ ಹೊತ್ತಿಗೆ ಪೇಟೆಯ ಮೇಷ್ಟರು ಬಂದರು. ಅವರಿಗೆ ಎರಡನೇ ಮಗಳ ಸರದಿ. "ಕ್ಷಮಿಸಬೇಕು, ಕ್ಷಮಿಸಬೇಕು" ಅಂತ ಎಲ್ಲರಿಗೂ ಕೈ ಮುಗೀತಾ ಸರಸ್ವತಿ, ಲಕ್ಷ್ಮಿ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡರು. ಹೋಗ್ತಾ ಹೋಗ್ತಾ ಹುಡುಗನ ಕಡೆ ತಿರುಗಿ, "ಹುಡುಗಿ ಚಿನ್ನದಂಥವಳು ಕಣಪ್ಪಾ, ನಾನೇ ಪಾಠ ಹೇಳಿದೀನಿ. ಗೋಡೆ ನೋಡಬೇಡ" ಅಂದರು. ಎರಡು ಪಟ ಕದ್ದವರ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೇಳೋ ಮಾತಾ ಅದು?

ಅಜ್ಜಿ ಉಪ್ಪಿಟ್ಟು ತಿಂತಾ, "ಇನ್ನೂ ಯಾರಾದರೂ ಬರೋರಿದಾರಾ?" ಅಂದರು.

ಇದ್ದರು. ನರಸಾಪುರದ ಪಟೇಲರ ಕಡೆ ಆಳುಗಳು ನಾಲ್ಕು ಜನ, ಎತ್ತಿನ ಗಾಡಿ, ಹುಲ್ಲು ಹಾಸಿಕೊಂಡೇ ಬಂದಿದ್ದರು. "ಉಳಿದದ್ದೆಲ್ಲ ಹಾಕ್ಕೊಂಡು ಬನ್ರಲಾ ಅಂದವ್ರೆ ಪಟೇಲ್ರು" ಅಂದವರೇ ಗೋಡೆಗೆ ಕೈ ಹಾಕಿದರು. ಪಟ್ಟಾಭಿಷೇಕ ಹೋಯ್ತು. ಗಜೇಂದ್ರಮೋಕ್ಷ ಹೋಯ್ತು. ಗಂಡಿನ ಕಡೆಯವರು ತಟ್ಟೆ ಎತ್ತಿಕೊಂಡು ಒಂದು ಪಕ್ಕಕ್ಕೆ ಸರೀತಾ, ಇನ್ನೊಂದು ಪಕ್ಕಕ್ಕೆ ಸರೀತಾ ಜಾಗ ಮಾಡಿಕೊಟ್ಟರು. ನಾನು ಬೇಡ ಅನ್ನಲಾ? ಮಾತು ಕೊಟ್ಟಾಗಿದೆ, ಅಲ್ಲೂ ಒಂದು ಹೆಣ್ಣು ಮಗು ಅಲಂಕಾರ ಮಾಡಿಕೊಂಡು ಕೂತಿದೆ. ಹಲ್ಲು ಕಚ್ಚಿಕೊಂಡು ನಿಂತೆ. ಕೊನೇ ಪಟ ಇಳಿದಾಗ ಗೋಡೆ ಮೇಲೆ ಉಳಿದದ್ದು ಹದಿನಾಲ್ಕು ಮೊಳೆ.

ಆ ಹೊತ್ತಿಗೆ ಸರಿಯಾಗಿ ತಂಗಿ ಕಾಫಿ ತಂದಳು. ಗೋಡೆ ಮೇಲೆ ನೋಡೋಕೆ ಏನೂ ಇಲ್ಲವಲ್ಲ, ಬಂದವರೆಲ್ಲ ಅವಳನ್ನೇ ನೋಡಿದರು. ಮೊದಲ ಸಲ ಆ ಹುಡುಗ ಕೂಡ ತಲೆ ಎತ್ತಿದ. ಎತ್ತಿದವನು ಇಳಿಸೋದನ್ನೇ ಮರೆತ.

ಅಜ್ಜಿ ಕಾಫಿ ತಗೊಂಡು, ಬೋಳು ಗೋಡೆ ನೋಡಿ, ನನ್ನ ನೋಡಿ, ತಂಗೀನ ನೋಡಿ ಕೇಳಿದರು. "ಈ ಮನೇಲಿ ಬಾಡಿಗೇದಲ್ಲದ್ದು ಏನಾದರೂ ಇದೆಯೇನಮ್ಮಾ?"

ಆಣೆ ಮುರೀಬೇಡ ಕಣೇ ಅಂತ ನಾನು ಒಳಗೊಳಗೇ ದೇವರಿಗೆಲ್ಲ ಹರಕೆ ಹೊತ್ತೆ. ಅಮ್ಮ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡಳು.

ತಂಗಿ ಲೋಟದ ತಟ್ಟೆ ಕೆಳಗಿಟ್ಟು, "ನಾನಿದೀನಲ್ಲ ಅಜ್ಜೀ" ಅಂದಳು. "ಆದರೆ ಒಂದು ಸಲ ಕರಕೊಂಡು ಹೋದರೆ ವಾಪಸ್ ತರೋ ಹಾಗಿಲ್ಲ."

ಅಮ್ಮ ಬಾಗಿಲ ಹಿಂದೆ ಕೂತೇಬಿಟ್ಟಳು. ಅಜ್ಜಿ ನಿಧಾನವಾಗಿ ಕಾಫಿ ಮುಗಿಸಿದರು. ಆಮೇಲೆ ಇದ್ದಕ್ಕಿದ್ದ ಹಾಗೆ ನಗೋಕೆ ಶುರುಮಾಡಿದರು. ನಕ್ಕು ನಕ್ಕು ಕೆಮ್ಮು ಬಂತು, ನೀರು ಕುಡಿಸಬೇಕಾಯ್ತು. ಕಣ್ಣೊರೆಸಿಕೊಂಡು ಬುಟ್ಟಿಯಿಂದ ಹೂವು ತೆಗೆದು ತಂಗೀನ ಹತ್ತಿರ ಕರೆದು ಮುಡಿಸಿದರು.

"ಆಯ್ತಮ್ಮಾ, ಒಪ್ಪಿದೆ. ತರಲ್ಲ" ಅಂದರು. ಆಮೇಲೆ ಮೊಮ್ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟು ಮುಂದಕ್ಕೆ ತಳ್ಳಿದರು. "ಆದರೆ ಇವನನ್ನೂ ನೀನು ವಾಪಸ್ ಕಳಿಸೋ ಹಾಗಿಲ್ಲ. ಗೊರಕೆ ಹೊಡೀತಾನೆ, ಈಗಲೇ ಹೇಳಿದೀನಿ."